ಸೇನೆಯಲ್ಲಿ ಸಿಗರೇಟು: ಅಮೆರಿಕದ ತಂಬಾಕು ನೀತಿ ಎಡವಿದ್ದೆಲ್ಲಿ?

ಹುಡುಗರನ್ನು ಭರ್ತಿ ಮಾಡಿಕೊಂಡು, ಬೆಳಗ್ಗೆ ಎದ್ದು ಮೈಲಿಗಟ್ಟಲೆ ಓಡಿಸುವ ಸರ್ಕಾರವೇ ಸಂಜೆ ಅವರಿಗೆ ಅಗ್ಗದ ಸಿಗರೇಟನ್ನೂ ಮಾರುತ್ತಿತ್ತು. ಅಮೆರಿಕದ ಸೇನೆಯಲ್ಲಿ ಇದು ದಶಕಗಳ ಕಾಲ ನಡೆಯಿತು. ಸೈನಿಕರ ಧೂಮಪಾನವನ್ನು ಶಿಸ್ತಿನ ಸಮಸ್ಯೆ ಅಂತ ನೋಡೋರೇ ಹೆಚ್ಚು. ನನ್ನ ಪ್ರಕಾರ ಇದು ಅಂಗಡಿಯ ಸಮಸ್ಯೆ.

ಶುರುವಾಗಿದ್ದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಸೈನಿಕರ ಊಟದ ಪೊಟ್ಟಣದಲ್ಲೇ ಸಿಗರೇಟು ಇರುತ್ತಿತ್ತು. ರೇಷನ್‌ನಿಂದ ಅದನ್ನು ತೆಗೆದದ್ದು 1975ರಲ್ಲಿ. ಆದರೆ ಸೇನೆಯ ಅಂಗಡಿಗಳಲ್ಲಿ ರಾಜ್ಯಗಳ ತೆರಿಗೆ ಇಲ್ಲದೆ, ಹೊರಗಿಗಿಂತ ಕಡಿಮೆ ಬೆಲೆಗೆ ಮಾರಾಟ ಮುಂದುವರಿಯಿತು. ಈ ಅಂಗಡಿಗಳ ಲಾಭದ ಒಂದು ಪಾಲು ಸೈನಿಕರ ಕ್ಷೇಮಾಭಿವೃದ್ಧಿ, ಮನರಂಜನೆಗೆ ಹೋಗುತ್ತದೆ. ಹಾಗಾಗಿ ಮಾರಾಟ ನಿಲ್ಲಿಸಿ ಅಂದರೆ, ‘ಸೈನಿಕರ ಸೌಲಭ್ಯಕ್ಕೆ ಕತ್ತರಿ’ ಅಂತ ಕೂಗು ಏಳುತ್ತಿತ್ತು.

ನಿಯಮಗಳೇ ಇರಲಿಲ್ವಾ?

ಇದ್ದವು. 1986ರಲ್ಲಿ ರಕ್ಷಣಾ ಇಲಾಖೆ ತನ್ನ ಆರೋಗ್ಯ ನೀತಿಯಲ್ಲಿ ತಂಬಾಕು ತಡೆಯನ್ನು ಸೇರಿಸಿತು. 1994ರಲ್ಲಿ ಕೆಲಸದ ಜಾಗಗಳಲ್ಲಿ ಸೇದುವುದು ನಿಷೇಧವಾಯಿತು. 2010ರ ಕೊನೆಗೆ ಜಲಾಂತರ್ಗಾಮಿಗಳ ಒಳಗೂ ನಿಷೇಧ ಬಂತು.

ಇವೆಲ್ಲ ಎಲ್ಲಿ ಸೇದಬಾರದು ಅನ್ನುವ ನಿಯಮಗಳು. ಮಾರಾಟಕ್ಕೆ ಕೈ ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ 1993ರ ಪ್ರಕರಣ ನೋಡಿ. ವಿಮಾನವಾಹಕ ನೌಕೆ ಯುಎಸ್ಎಸ್ ಥಿಯೋಡೋರ್ ರೂಸ್‌ವೆಲ್ಟ್‌ನ ಕ್ಯಾಪ್ಟನ್ ಸ್ಟ್ಯಾನ್ಲಿ ಬ್ರ್ಯಾಂಟ್ ಹಡಗನ್ನು ಹೊಗೆಮುಕ್ತ ಮಾಡಿ, ಅಲ್ಲಿನ ಅಂಗಡಿಯಲ್ಲಿ ಸಿಗರೇಟು ಮಾರಾಟ ನಿಲ್ಲಿಸಲು ಹೊರಟರು. ತಂಬಾಕು ಕಂಪನಿಗಳ ಲಾಬಿ ಚುರುಕಾಯಿತು. ನೌಕಾಪಡೆಯ ಹಡಗುಗಳಲ್ಲಿ ತಂಬಾಕು ಮಾರಲೇಬೇಕು ಅಂತ ಅಮೆರಿಕದ ಸಂಸತ್ತು ಕಾನೂನನ್ನೇ ಮಾಡಿಬಿಟ್ಟಿತು!

ಬೆಲೆ ಬದಲಾಗಿದ್ದು ಯಾವಾಗ?

2009ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ, ತಂಬಾಕಿನಿಂದ ರಕ್ಷಣಾ ಇಲಾಖೆಗೆ ವರ್ಷಕ್ಕೆ 160 ಕೋಟಿ ಡಾಲರ್‌ಗೂ ಹೆಚ್ಚು ಹೊರೆ ಎಂದಿತು. ಹಂತ ಹಂತವಾಗಿ ಸೇನೆಯನ್ನು ತಂಬಾಕುಮುಕ್ತ ಮಾಡಿ ಅಂತ ಸಲಹೆ ಕೊಟ್ಟಿತು. ಆಗಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಯುದ್ಧಭೂಮಿಯಲ್ಲಿರುವ ಸೈನಿಕರ ಮೇಲೆ ನಿಷೇಧ ಹೇರಲು ಒಪ್ಪಲಿಲ್ಲ. ಕೊನೆಗೆ 2014ರ ಕಾನೂನು ರಿಯಾಯಿತಿಗೆ ತೆರೆ ಎಳೆಯಿತು. 2016ರಲ್ಲಿ, ತೆರಿಗೆಯನ್ನೂ ಲೆಕ್ಕ ಹಿಡಿದು ಸ್ಥಳೀಯ ಮಾರುಕಟ್ಟೆಗೆ ಸಮನಾದ ಬೆಲೆ ಇಡಬೇಕು ಅನ್ನುವ ಆದೇಶ ಬಂತು. 2019ರ ಕೊನೆಗೆ ದೇಶವೇ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿತು. ಸೇನೆಯ ಅಂಗಡಿಗಳೂ ಅದನ್ನೇ ಪಾಲಿಸಬೇಕಾಯಿತು.

ಸ್ವಾತಂತ್ರ್ಯದ ಪ್ರಶ್ನೆ

‘ದೇಶಕ್ಕಾಗಿ ಪ್ರಾಣ ಕೊಡಲು ನಿಂತವನ ಸಿಗರೇಟು ಕಿತ್ಕೋಬೇಕಾ?’ ಅನ್ನುವ ವಾದ ಹಳೆಯದು, ಭಾವನಾತ್ಮಕವಾಗಿ ಬಲವಾದದ್ದು. ನಾನೂ ಯಾರ ಜೇಬಿಗೂ ಕೈ ಹಾಕಿ ಅಂತ ಹೇಳ್ತಿಲ್ಲ. ಸೇದುವ ಹಕ್ಕು ಬೇರೆ, ಸರ್ಕಾರಿ ಅಂಗಡಿಯಲ್ಲಿ ರಿಯಾಯಿತಿ ಪಡೆಯುವ ಹಕ್ಕು ಬೇರೆ. ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ಇಷ್ಟು ವರ್ಷ ಕಾಪಾಡಿಕೊಂಡರು. ಅದರ ಖರ್ಚು ಬಂದಿದ್ದು ಮಾತ್ರ ಸೈನಿಕರ ಶ್ವಾಸಕೋಶಕ್ಕೆ, ಸೇನೆಯ ಆಸ್ಪತ್ರೆಗಳಿಗೆ.