ಕರಗುವುದಕ್ಕೆಂದೇ ಹುಟ್ಟಿದ ತಂತಿ

ಇಂಗ್ಲಿಷಿನ 'ಫ್ಯೂಸ್' ಎಂಬ ಮಾತಿಗೆ ಎರಡು ಬೇರುಗಳುಂಟು. ಮದ್ದಿಗೆ ಹಚ್ಚುವ ಬತ್ತಿಗೆ ಆ ಹೆಸರು ಬಂದದ್ದು ಲ್ಯಾಟಿನ್ನಿನ 'ಫ್ಯೂಸಸ್' ಎಂಬ ಪದದಿಂದ. ಹಾಗೆಂದರೆ ನೂಲುವ ಕದಿರು. ವಿದ್ಯುತ್ತಿನ ಫ್ಯೂಸ್ ಹುಟ್ಟಿದ್ದು 'ಕರಗಿಸು' ಎಂಬ ಅರ್ಥದ ಬೇರೊಂದು ಧಾತುವಿನಿಂದ. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಕದಿರೂ ಕರಗುವ ತಂತಿಯೂ ಒಂದೇ ಸೂರಿನಡಿ ಬಾಳುತ್ತ ಬಂದಿವೆ. ಮಗ್ಗ, ನೂಲಿನ ರಾಶಿ, ಅಡುಗೆಮನೆ ಎಲ್ಲವೂ ಅಕ್ಕಪಕ್ಕದಲ್ಲೇ ಇರುವ ಮನೆಗಳಲ್ಲಿ ಗೋಡೆಯ ಹಲಗೆಗೆ ಬಡಿದ ಪಿಂಗಾಣಿಯ 'ಫ್ಯೂಜು' ಮನೆಯ ಕಾವಲುಗಾರನಿದ್ದಂತೆ. ಈಗ ಅಂಥ ಮನೆಯ ಪಡಸಾಲೆಗೆ ವಿದ್ಯುತ್ ಬೈಕು ಬಂದು ನಿಂತರೆ, ಅದರ ಸೀಟಿನ ಕೆಳಗೂ ಒಬ್ಬ ಕಾವಲುಗಾರನಿರುತ್ತಾನೆ. ಅವನು ನಿಲ್ಲುವ ನೆಲೆ ಸಡಿಲಾದರೆ ಏನಾಗುತ್ತದೆ ಎಂಬುದು ಹಳೆಯ ಕಥೆಯ ಹೊಸ ಅಧ್ಯಾಯ.

ಕಥೆಯ ಮೊದಲು ಟೆಲಿಗ್ರಾಫ್ ಕಾಲಕ್ಕೆ ಹೋಗುತ್ತದೆ. ಸಿಡಿಲು ಬಡಿದಾಗ ತಾರು ಕಚೇರಿಯ ಯಂತ್ರಗಳು ಸುಟ್ಟುಹೋಗುವುದನ್ನು ತಪ್ಪಿಸಲು ದಪ್ಪ ತಂತಿಯ ನಡುವೆ ಒಂದು ತೆಳು ತಂತಿಯ ತುಂಡು ಸೇರಿಸಬೇಕೆಂದು ಫ್ರಾನ್ಸಿನ ಲೂಯಿ ಬ್ರೆಗೆ 1847ರಲ್ಲಿ ಸೂಚಿಸಿದ. ದುಬಾರಿ ಯಂತ್ರ ಉಳಿಯಲು ಅಗ್ಗದ ತುಂಡು ಸಾಯಬೇಕು, ಇಷ್ಟೇ ಅದರ ಹಿಂದಿನ ವಿಚಾರ. ದೀಪದ ವ್ಯಾಪಾರಕ್ಕಿಳಿದ ಎಡಿಸನ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ತೆರೆದ ತಂತಿ ಕರಗಿದಾಗ ಕಿಡಿ ಸಿಡಿಯುತ್ತದೆ. ಆದ್ದರಿಂದ ತಂತಿಯನ್ನು ಕೊಳವೆಯೊಳಗೆ ಮುಚ್ಚಿಡುವ ಉಪಾಯವನ್ನು ಇಂಗ್ಲೆಂಡಿನ ಮಾರ್ಡೆ 1890ರಲ್ಲಿ ಕಂಡುಹಿಡಿದ. ಇಂದಿನ ಬ್ಯಾಟರಿ ಫ್ಯೂಜ್ ಈ ಕೊಳವೆಯ ವಂಶದ್ದು. ಮನೆಯ ಪಿಂಗಾಣಿ ಫ್ಯೂಜ್, ಅಂಗಡಿಯವರ ಮಾತಿನ 'ಕಿಟ್‌ಕ್ಯಾಟ್', ತೆರೆದ ತಂತಿಯ ವಂಶದ್ದು.

ಕನ್ನಡನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮುಧೋಳದ ಪಕ್ಕದಲ್ಲಿ ಹರಿಯುವ ಘಟಪ್ರಭೆಯನ್ನು ಮೇಲ್ಗಡೆ ಗೋಕಾಕದ ಹತ್ತಿಗಿರಣಿ 1887ರಲ್ಲೇ ದುಡಿಮೆಗೆ ಹಚ್ಚಿತ್ತು. ಆಗ ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರದು, ಬೀಳಗಿ ನೇರ ಬ್ರಿಟಿಷರ ಕೈಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು.

ಈ ಭಾಗದಲ್ಲಿ ಫ್ಯೂಜು ಮನೆಮಾತಾಗಲು ಮಗ್ಗದಷ್ಟೇ ದೊಡ್ಡ ಕಾರಣ ನೀರು. ಕೃಷ್ಣೆ ಬೇಸಿಗೆಯಲ್ಲಿ ಬತ್ತುತ್ತಿದ್ದ ಕಾಲದಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಾಯಿತು. ನಿಂತ ನೀರನ್ನು ಕಬ್ಬಿನ ಹೊಲಕ್ಕೆ ಎತ್ತುವುದು ಮೋಟಾರಿನ ಕೆಲಸ. ಮೋಟಾರನ್ನು ಕಾಯುವುದು ಮೂರು ಫ್ಯೂಜುಗಳ ಕೆಲಸ.

ಆ ಮೂರರಲ್ಲಿ ಒಂದು ಮಾತ್ರ ಹೋದರೆ ಬರುವ ಆಪತ್ತು ಪಂಪ್‌ಸೆಟ್ ಇಟ್ಟ ರೈತರಿಗೆ ಚೆನ್ನಾಗಿ ಗೊತ್ತು. ತ್ರೀ ಫೇಸ್ ಮೋಟಾರು ಕೂಡಲೇ ನಿಲ್ಲುವುದಿಲ್ಲ, ಮುಲುಗುತ್ತ ಓಡುತ್ತದೆ. ಉಳಿದೆರಡು ತಂತಿಗಳಲ್ಲಿ ಕರೆಂಟು ಸುಮಾರು ಒಂದೂಮುಕ್ಕಾಲು ಪಟ್ಟಾಗಿ, ನೋಡುನೋಡುತ್ತಿದ್ದಂತೆ ಸುರುಳಿ ಸುಟ್ಟು ವಾಸನೆ ಬರುತ್ತದೆ. ಸುರುಳಿ ಮತ್ತೆ ಸುತ್ತಿಸುವ ಖರ್ಚು, ಅಷ್ಟರಲ್ಲಿ ಬಾಡುವ ಬೆಳೆ ಎರಡೂ ರೈತನ ತಲೆಗೇ. ವಿಚಿತ್ರವೆಂದರೆ, ಹಲವು ಸಲ ಇಲ್ಲಿ ತಂತಿ ಕರಗಿರುವುದೇ ಇಲ್ಲ. ಪಿಂಗಾಣಿಯ ಹಿಡಿಯಲ್ಲಿರುವ ಹಿತ್ತಾಳೆಯ ನಾಲಿಗೆ ಸಡಿಲಾಗಿ, ಕಪ್ಪುಗಟ್ಟಿ, ಕರೆಂಟಿಗೆ ದಾರಿ ಕೊಡದೆ ಹೋಗಿರುತ್ತದೆ. ಬೈಯಿಸಿಕೊಳ್ಳುವುದು ತಂತಿ, ತಪ್ಪು ಹಿಡಿಯದು.

ತಂತಿಗೆ ಲೆಕ್ಕವಿದೆ. ತವರ ಲೇಪಿಸಿದ 0.2 ಮಿಲಿಮೀಟರ್ ತಾಮ್ರದ ಎಳೆ 5 ಆಂಪಿಯರಿಗೆ, 0.5 ಮಿಲಿಮೀಟರಿನದು 15ಕ್ಕೆ. ಅದೂ ಉದಾರಿಯೇ, 15ರ ತಂತಿ ಕರಗಲು ಸುಮಾರು 30 ಆಂಪಿಯರ್ ಬೇಕು. ಆದರೂ ಪದೇ ಪದೇ ಫ್ಯೂಜು ಹೋಗುವ ಕಿರಿಕಿರಿಗೆ ನಾಲ್ಕೆಳೆ ಹೊಸೆದು ಕಟ್ಟುವುದು, ಅದೂ ಸಾಲದೆ ದಪ್ಪ ತಂತಿಯನ್ನೇ ಬಿಗಿಯುವುದು ನಮ್ಮ ಊರುಗಳ ರೂಢಿ. ಕಾವಲುಗಾರ ಬೊಗಳುತ್ತಾನೆಂದು ಬಾಯಿ ಕಟ್ಟಿದ ಹಾಗೆ. ಆಮೇಲೆ ಕರಗುವುದು ಗೋಡೆಯೊಳಗಿನ ವೈರು.

ಈ ರೂಢಿ ಈಗ ಬೈಕಿಗೂ ಬಂದರೆ ಏನಾದೀತು? ವಿದ್ಯುತ್ ವಾಹನಕ್ಕೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಪೆಟ್ರೋಲ್ ಬೈಕಿನಲ್ಲಿ 12 ವೋಲ್ಟಿನ ದೀಪ, ಹಾರನ್ನು ಕಾಯುವ 10 ಅಥವಾ 15 ಆಂಪಿಯರಿನ ಚಿಕ್ಕ ಫ್ಯೂಜ್ ಇದ್ದರೆ ಸಾಕಿತ್ತು. ವಿದ್ಯುತ್ ಬೈಕಿನಲ್ಲಿ ಚಕ್ರ ತಿರುಗಿಸುವ ಶಕ್ತಿಯೆಲ್ಲ ಒಂದೇ ಫ್ಯೂಜಿನ ಮೂಲಕ ಹೋಗಬೇಕು. 3.6 ವೋಲ್ಟಿನ 20 ಲಿಥಿಯಂ ಕೋಶಗಳನ್ನು ಸಾಲಾಗಿ ಜೋಡಿಸಿದರೆ 72 ವೋಲ್ಟ್. ಏರಿನಲ್ಲಿ 50, 100 ಆಂಪಿಯರ್ ಹರಿಯುವುದು ಸಾಮಾನ್ಯ.

ಇಲ್ಲಿ ಬಹಳ ಮಂದಿ ಎಡವುವುದು ಎ.ಸಿ., ಡಿ.ಸಿ. ವ್ಯತ್ಯಾಸದಲ್ಲಿ. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುತ್ತದೆ. ಫ್ಯೂಜ್ ಕರಗಿದಾಗ ಹೊತ್ತಿದ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಬ್ಯಾಟರಿಯ ಡಿ.ಸಿ.ಗೆ ಸೊನ್ನೆ ಎಂಬುದೇ ಇಲ್ಲ. ತಂತಿ ಕರಗಿದ ಮೇಲೂ ಕಿಡಿಯೇ ಸೇತುವೆಯಾಗಿ ಕರೆಂಟನ್ನು ದಾಟಿಸುತ್ತಿರಬಹುದು. ಅದನ್ನು ನುಂಗಲೆಂದೇ ಒಳ್ಳೆಯ ಫ್ಯೂಜಿನ ಹೊಟ್ಟೆಯಲ್ಲಿ ಬಿಳಿ ಮರಳು ತುಂಬಿರುತ್ತಾರೆ. 1976ರಲ್ಲಿ ಅಮೆರಿಕದಲ್ಲಿ ಬಂದ, ಇಂದು ಎಲ್ಲ ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಚಪ್ಪಟೆ ಫ್ಯೂಜುಗಳು ಸಾಮಾನ್ಯವಾಗಿ 32 ವೋಲ್ಟಿಗೆ ಮಾತ್ರ ತಕ್ಕವು. ಆಂಪಿಯರ್ ಸರಿಯಾಗಿದೆಯೆಂದು ಅದನ್ನು 72 ವೋಲ್ಟಿನ ಪೆಟ್ಟಿಗೆಗೆ ಹಾಕಿದರೆ, ಬೇಡವಾದ ಹೊತ್ತಿನಲ್ಲಿ ಅದು ಕಾವಲು ಕಾಯದೆ ಉರಿಯಬಹುದು.

ಇನ್ನು ಹಿಡಿಯ ವಿಷಯ. ಫ್ಯೂಜನ್ನು ಹಿಡಿದಿರುವ ಲೋಹದ ದವಡೆಯಲ್ಲಿ 2.5 ಮಿಲಿಓಮ್ ತಡೆ ಇದ್ದರೆ, ಅಂದರೆ ಒಂದು ಓಮಿನ ನಾನೂರನೇ ಒಂದು ಭಾಗ ಇದ್ದರೆ, 100 ಆಂಪಿಯರಿನಲ್ಲಿ ಅಲ್ಲಿ 25 ವಾಟಿನ ಕಾವು ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಕಾವು ಅಷ್ಟೇ. ಅದನ್ನು ಸಣ್ಣ ಪ್ಲಾಸ್ಟಿಕ್ ಗೂಡಿನಲ್ಲಿ ಹಚ್ಚಿಟ್ಟಂತೆ. ಕಾವಿಗೆ ದವಡೆಯ ಸ್ಪ್ರಿಂಗ್ ಸಡಿಲಾಗುತ್ತದೆ, ಸಡಿಲಾದರೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದರೆ ಕಾವು ಇನ್ನೂ ಏರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿದ ರಸ್ತೆಯ ಕುಲುಕಾಟ ಬೇರೆ. ತವರ ಲೇಪಿಸಿದ ಎರಡು ಮೈಗಳು ಉಜ್ಜಿ ಉಜ್ಜಿ ಅವುಗಳ ನಡುವೆ ಕಪ್ಪು ಪುಡಿ ಕೂಡುತ್ತದೆ.

ಬಿಸಿಯಾದ ಹಿಡಿ ತನ್ನೊಳಗಿನ ಫ್ಯೂಜನ್ನೂ ಕಾಯಿಸುವುದರಿಂದ ಅದು ತನ್ನ ಅಳತೆಗಿಂತ ಕಡಿಮೆ ಕರೆಂಟಿಗೇ ಕರಗುತ್ತದೆ. ಒಡೆಯ 'ಫ್ಯೂಜ್ ಸಣ್ಣದಾಯಿತು' ಎಂದುಕೊಂಡು ದೊಡ್ಡದು ಹಾಕಿಸುತ್ತಾನೆ. ಪಂಪ್‌ಸೆಟ್ಟಿನ ನಾಲ್ಕೆಳೆಯ ಬುದ್ಧಿ ಇಲ್ಲಿಯೂ ಬರುವುದು ಹೀಗೆ. ರೋಗ ಹಿಡಿಯದು, ಔಷಧ ಫ್ಯೂಜಿಗೆ.

ಬಲ್ಲ ಮೆಕ್ಯಾನಿಕ್ ಮೊದಲು ನೋಡುವುದು ಬಣ್ಣ: ಬಿಳಿ ಪ್ಲಾಸ್ಟಿಕ್ ಕಂದಾಗಿದೆಯೇ, ವೈರಿನ ತುದಿ ಸೀದಿದೆಯೇ. ಆಮೇಲೆ ಬೈಕಿಗೆ ಭಾರ ಕೊಟ್ಟು, ಹಿಡಿಯ ಈಚೆ ಆಚೆ ಮೀಟರ್ ಹಚ್ಚಿ, ಎರಡೂ ಕೀಲುಗಳಲ್ಲಿ ಎಷ್ಟು ಮಿಲಿವೋಲ್ಟ್ ಸೋರುತ್ತಿದೆ ಎಂದು ಹೋಲಿಸುತ್ತಾನೆ. ಕಾವು ತಿಂದ ದವಡೆಯನ್ನು ಇಕ್ಕಳದಿಂದ ಒತ್ತಿ ಬಿಗಿಮಾಡುವುದು ನಾಲ್ಕು ದಿನದ ರಿಪೇರಿ; ಸ್ಪ್ರಿಂಗಿನ ಜೀವ ಹೋಗಿರುತ್ತದೆ, ಹಿಡಿಯನ್ನೇ ಬದಲಿಸಬೇಕು. ವೈರಿನ ತುದಿಗೆ ಬೆಸುಗೆಗಿಂತ ಯಂತ್ರದಿಂದ ಒತ್ತಿದ ಲಗ್ ವಾಸಿ, ಏಕೆಂದರೆ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಮೆದುವಾಗಿ ಜಾರುತ್ತದೆ. ಹೆಚ್ಚು ಕರೆಂಟು ಹರಿಯುವಲ್ಲಿ ಸ್ಪ್ರಿಂಗಿನ ಹಿಡಿಯನ್ನು ಬಿಟ್ಟು ಬೋಲ್ಟಿನಿಂದ ಬಿಗಿಯುವ ಫ್ಯೂಜ್ ಹಾಕುವುದೇ ಕ್ಷೇಮ. ಇದೆಲ್ಲ ಮಾಡುವ ಮುನ್ನ ಪ್ಯಾಕನ್ನು ಕಳಚಬೇಕು, ಕೈಯ ಉಂಗುರ, ಕಡಗ ತೆಗೆದಿಡಬೇಕು. ಪಾನಾ ಜಾರಿ ಎರಡು ತುದಿಗಳ ಮೇಲೆ ಬಿದ್ದರೆ ಲಿಥಿಯಂ ಪ್ಯಾಕು ನೂರಾರು ಆಂಪಿಯರನ್ನು ಒಮ್ಮೆಗೇ ಕಾರುತ್ತದೆ. ಫ್ಯೂಜಿಗಿಂತ ಬ್ಯಾಟರಿಯ ಕಡೆಗೆ ಬಿದ್ದರೆ ತಡೆಯುವವರಿಲ್ಲ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸಾರಿಗೆ ಸಚಿವಾಲಯ ಬ್ಯಾಟರಿಗಳ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿತು. ಅದು ಆ ವರ್ಷದ ಡಿಸೆಂಬರಿನಲ್ಲಿ ಮತ್ತು 2023ರ ಮಾರ್ಚ್ ಕೊನೆಗೆ ಎರಡು ಹಂತಗಳಲ್ಲಿ ಜಾರಿಗೆ ಬಂತು. ಕಾನೂನು ಕಾರ್ಖಾನೆಯ ಬಾಗಿಲವರೆಗೆ ಕಾಯುತ್ತದೆ. ಅಲ್ಲಿಂದಾಚೆ, ಮಗ್ಗದ ಪಕ್ಕದಲ್ಲಿ ರಾತ್ರಿಯಿಡೀ ಚಾರ್ಜಿಗೆ ನಿಲ್ಲುವ ಬೈಕಿನ ಮಟ್ಟಿಗೆ, ಬೋಲ್ಟು ಬಿಗಿದ ಕೈಯೇ ಕಾನೂನು. ಆ ಬೋಲ್ಟಿನಲ್ಲೂ ಒಂದು ಸಣ್ಣ ಮೋಸವುಂಟು: ವಾಷರನ್ನು ಲಗ್ಗಿಗೂ ಫ್ಯೂಜಿಗೂ ನಡುವೆ ಸೇರಿಸಿದರೆ ಕರೆಂಟೆಲ್ಲ ಆ ಉಕ್ಕಿನ ಬಿಲ್ಲೆಯನ್ನು ದಾಟಿ ಹೋಗಬೇಕಾಗಿ ಅದೇ ಕೆಂಡವಾಗುತ್ತದೆ. ಲಗ್ಗು ಫ್ಯೂಜಿನ ಮೈಗೆ ನೇರ ತಾಗಬೇಕು, ವಾಷರ್ ಅದರ ಮೇಲೆ, ನಟ್ಟು ಎಲ್ಲಕ್ಕಿಂತ ಮೇಲೆ.