ಸಂಭಾವನೆಯ ಲೆಕ್ಕ, ಸಮಯದ ಲೆಕ್ಕ: ಅಧ್ಯಾಪಕರ ಹೊರಗಿನ ಕೆಲಸದ ನಿಯಮಗಳು, ಗಡಿನಾಡಿನಿಂದ ಒಂದು ನೋಟ

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಸೇವಾ ನಿಯಮಗಳ ಬಗ್ಗೆ ಮಾತಾಡ್ತೇನೆ ಅಂದಾಗ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಹಾಗಾಗಿ ಒಂದು ಉದಾಹರಣೆಯಿಂದಲೇ ಶುರು ಮಾಡ್ತೇನೆ. ಕಾಸರಗೋಡು ಕಡೆಯ ಒಂದು ಕಾಲೇಜಿನ ಕನ್ನಡ ವಿಭಾಗಕ್ಕೆ ಒಬ್ಬರು ಅಜ್ಜನ ಕಾಲದ ಮೂಲಗೇಣಿ ಚೀಟು ಹಿಡಿದುಕೊಂಡು ಬರ್ತಾರೆ ಅಂತ ಇಟ್ಟುಕೊಳ್ಳಿ. ಬರಹ ಕನ್ನಡದ್ದೇ, ಆದರೆ ಮೋಡಿ ಅಕ್ಷರ. ಮನೆಯಲ್ಲಿ ಓದುವವರಿಲ್ಲ, ಕಚೇರಿಯ ವ್ಯವಹಾರ ಮಲಯಾಳಂನಲ್ಲಿ. ಅಧ್ಯಾಪಕರು ಎರಡು ಸಂಜೆ ಕೂತು ಓದಿ, ಅರ್ಥ ಬರೆದು ಕೊಡ್ತಾರೆ. ಇದು ಸಲಹಾಸೇವೆಯೇ, ಉಪಕಾರವೇ, ಅಥವಾ ವಿಭಾಗದ ಕೆಲಸವೇ? ನಮ್ಮ ನಿಯಮಗಳು ಇದನ್ನು ಹೇಗೆ ನೋಡುತ್ತವೆ ಎಂಬುದೇ ಇವತ್ತಿನ ವಿಷಯ.

ನಿಯಮದ ಬೇರು ಬ್ರಿಟಿಷ್ ಆಡಳಿತದಲ್ಲಿದೆ. 1922ರ ಜನವರಿ 1ರಂದು ಮೂಲಭೂತ ನಿಯಮಗಳು, ಅಂದರೆ ಫಂಡಮೆಂಟಲ್ ರೂಲ್ಸ್, ಜಾರಿಗೆ ಬಂದವು. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಈ ನಿಯಮಾವಳಿಯ 46ನೆಯ ನಿಯಮ ಹೇಳುವುದು ಸರಳ: ಸರ್ಕಾರಿ ನೌಕರ ಖಾಸಗಿಯವರಿಗೋ ಸಾರ್ವಜನಿಕ ಸಂಸ್ಥೆಗೋ ಒಂದು ನಿರ್ದಿಷ್ಟ ಕೆಲಸ ಮಾಡಿಕೊಟ್ಟು ಶುಲ್ಕ ಪಡೆಯಬಹುದು. ಆದರೆ ಅದಕ್ಕೆ ಅನುಮತಿ ಬೇಕು, ಮತ್ತು ತನ್ನ ಕರ್ತವ್ಯಕ್ಕೆ ಅಡ್ಡಿಯಾಗಬಾರದು. ಅದರ ಜೊತೆಗಿನ ಪೂರಕ ನಿಯಮದ ಪ್ರಕಾರ, ಒಂದು ಮಿತಿ ದಾಟಿದ ಶುಲ್ಕದಲ್ಲಿ ಮೂರನೇ ಒಂದು ಭಾಗ ಬೊಕ್ಕಸಕ್ಕೆ ಸೇರಬೇಕು.

ಕೇಂದ್ರ ನೌಕರರ 1964ರ ನಡತೆ ನಿಯಮಗಳು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತವೆ. 15ನೆಯ ನಿಯಮದ ಪ್ರಕಾರ ಸಾಹಿತ್ಯ, ಕಲೆ, ವಿಜ್ಞಾನಕ್ಕೆ ಸಂಬಂಧಿಸಿದ ಸಾಂದರ್ಭಿಕ ಕೆಲಸವನ್ನು ಅನುಮತಿಯಿಲ್ಲದೆಯೇ ಮಾಡಬಹುದು. ಶುಲ್ಕ ಪಡೆಯುವುದಕ್ಕೆ ಮಾತ್ರ ಅನುಮತಿ ಬೇಕು. ಇಲ್ಲಿ ಗಮನಿಸಬೇಕಾದ್ದು ಒಂದುಂಟು. ನಿಯಮದ ಕಣ್ಣು ಮುಖ್ಯವಾಗಿ ಹಣದ ಮೇಲೆ. ಹಣ ಬಾರದ ಕೆಲಸ ಕಡತಕ್ಕೆ ಬರುವುದೇ ಇಲ್ಲ.

ಎರಡನೆಯ ಬಗೆಯ ಅಳತೆ ಸಮಯದ್ದು. ಅದು ಬೆಳೆದದ್ದು ಅಮೆರಿಕದಲ್ಲಿ. ಎಂಐಟಿಯಲ್ಲಿ 1920ರ ಸುಮಾರಿಗೆ ರಸಾಯನಶಾಸ್ತ್ರದ ಇಬ್ಬರು ದೊಡ್ಡವರ ನಡುವೆ ಭಿನ್ನಾಭಿಪ್ರಾಯ ಇತ್ತು. ವಿಲಿಯಂ ವಾಕರ್ ಕಂಪನಿಗಳ ಜೊತೆಗಿನ ಕೆಲಸವೇ ಶಿಕ್ಷಣದ ದಾರಿ ಅಂದರು. ಆರ್ಥರ್ ನೋಯ್ಸ್ ಮೂಲ ವಿಜ್ಞಾನದ ಪರ ನಿಂತು, ಕೊನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಇಂಥ ವಾದಗಳಿಗೆ ಅಲ್ಲಿನ ವಿಶ್ವವಿದ್ಯಾಲಯಗಳು ಕಾಲಕ್ರಮದಲ್ಲಿ ಕಂಡುಕೊಂಡ ರಾಜಿ ಅಂದರೆ ವಾರಕ್ಕೆ ಒಂದು ದಿನ. ಸ್ಟ್ಯಾನ್‌ಫರ್ಡ್‌ನಲ್ಲಿ ಅದು ಒಂದು ಕ್ವಾರ್ಟರ್‌ಗೆ 13 ದಿನ ಎಂಬ ಲೆಕ್ಕವಾಯಿತು. ಇಲ್ಲಿ ಮೊದಲ ಪ್ರಶ್ನೆ ಎಷ್ಟು ಹಣ ಬಂತು ಅನ್ನುವುದಲ್ಲ, ವಿದ್ಯಾರ್ಥಿಗೆ ಸಲ್ಲಬೇಕಾದ ಸಮಯ ಉಳಿಯಿತೇ ಅನ್ನುವುದು.

ಮೂರನೆಯ ಪ್ರಶ್ನೆ: ಜ್ಞಾನ ಯಾರದ್ದು? ಇದಕ್ಕೆ ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಮೊದಲ ಮಹಾಯುದ್ಧ ಬಂದು ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ನಿಂತಾಗ, ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ವಿಧಾನದ ಮೇಲೆ ಕೆಲಸ ಮಾಡಿದರು. 1916ರಲ್ಲಿ ಮೈಸೂರು ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಇದನ್ನು ಒಳಗಿನ ಕೆಲಸ ಅನ್ನಬೇಕೋ ಹೊರಗಿನ ಕೆಲಸ ಅನ್ನಬೇಕೋ? ಸಂಸ್ಥೆ ಉದ್ಯಮಕ್ಕೆ ಎಷ್ಟು ದುಡಿಯಬೇಕು, ಸಂಶೋಧನೆಗೆ ಎಷ್ಟು ಎಂಬ ವಾದ ಮುಂದೆ 1921ರ ಪೋಪ್ ಸಮಿತಿ, 1931ರ ಸೆವೆಲ್ ಸಮಿತಿ, 1936ರ ಅರ್ವಿನ್ ಸಮಿತಿಗಳ ಕಾಲದಲ್ಲೂ ಮುಗಿಯಲಿಲ್ಲ. ಆದರೂ ಒಂದು ಮಾತು ನಿಜ: ಗಂಧದೆಣ್ಣೆಯ ಕೆಲಸ ಚರಿತ್ರೆಯಲ್ಲಿ ದಾಖಲಾಗಿದೆ. ಮೂಲಗೇಣಿ ಚೀಟು ಓದಿಕೊಟ್ಟವರ ಕೆಲಸ ದಾಖಲಾಗಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಎರಡು ದನಿಗಳಿವೆ. ವೃತ್ತಿನೀತಿಯ ಭಾಗ, ಕರ್ತವ್ಯಕ್ಕೆ ಅಡ್ಡಿಯಾಗುವಂಥ ಬೇರೆ ಉದ್ಯೋಗ, ಖಾಸಗಿ ಟ್ಯೂಷನ್ ಬೇಡ ಅನ್ನುತ್ತದೆ. ಅಂಕಗಳ ಪಟ್ಟಿ ಸಲಹಾಸೇವೆಗೆ 3 ಅಂಕ ಕೊಡುತ್ತದೆ. ಅನುವಾದಿಸಿದ ಅಧ್ಯಾಯಕ್ಕೆ 3, ಪುಸ್ತಕಕ್ಕೆ 8. ಅಂದರೆ ಹೊರಗಿನ ಕೆಲಸ ಒಂದು ಪುಟದಲ್ಲಿ ಅನುಮಾನದ ವಸ್ತು, ಇನ್ನೊಂದು ಪುಟದಲ್ಲಿ ಬಡ್ತಿಯ ಮೆಟ್ಟಿಲು. ಆದರೆ ಸರ್ಕಾರಿ ಸುತ್ತೋಲೆ ಕನ್ನಡಕ್ಕೆ ತಂದದ್ದು, ಹಳೆಯ ದಸ್ತಾವೇಜು ಓದಿದ್ದು ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತದೆ? ಎಲ್ಲಿಯೂ ಇಲ್ಲ.

ಕಾಸರಗೋಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು, ಹಳೆಯ ದಾಖಲೆಗಳು ಕನ್ನಡದಲ್ಲೇ ಉಳಿದವು. ಶಾಲೆಗಳಲ್ಲಿ ಕನ್ನಡ ಮಾಧ್ಯಮ ಉಂಟು, ಅದಕ್ಕೆ ಪಠ್ಯಪುಸ್ತಕ ಆಗಬೇಕು. ಪಿಎಸ್‌ಸಿ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ಆಗಬೇಕು. ಎರಡೂ ಭಾಷೆ ಚೆನ್ನಾಗಿ ಬಲ್ಲವರು ಎಷ್ಟು ಮಂದಿ? ಹೆಚ್ಚಿನ ಸಲ ಕರೆ ಬರುವುದು ಅಧ್ಯಾಪಕರಿಗೇ. ಅಕ್ಕಲಕೋಟೆ, ಜತ್ತ ಕಡೆಯವರಿಗೂ ಮರಾಠಿಯ ಜೊತೆ ಇದೇ ಅನುಭವ ಇರಬೇಕು. ಚರ್ಚೆಯಲ್ಲಿ ಅವರು ಹೇಳಲಿ. ಎಂಜಿನಿಯರಿಂಗ್ ಪ್ರಾಧ್ಯಾಪಕರು ಸೇತುವೆ ಪರೀಕ್ಷೆ ಮಾಡಿದರೆ ಒಪ್ಪಂದ, ಬಿಲ್ಲು, ಪಾಲು ಎಲ್ಲ ಇರುತ್ತದೆ. ಕನ್ನಡದವರಿಗೆ "ನಮ್ಮ ಭಾಷೆಯ ಕೆಲಸ ಅಲ್ವಾ ಸಾರ್, ಸ್ವಲ್ಪ ನೋಡಿಕೊಡಿ" ಅಂದರೆ ಮುಗಿಯಿತು.

ನಾನು ಸಂಭಾವನೆ ಬೇಕೇ ಬೇಕು ಅಂತ ವಾದಿಸುತ್ತಿಲ್ಲ. ಭಾಷಾಭಿಮಾನದಿಂದ ಮಾಡುವ ಕೆಲಸಕ್ಕೆ ಅದರದ್ದೇ ಬೆಲೆ ಉಂಟು. ಆದರೆ ಲೆಕ್ಕಕ್ಕೆ ಬಾರದ ಕೆಲಸದಿಂದ ಎರಡು ನಷ್ಟ. ಒಂದು, ವಿಭಾಗದಲ್ಲಿ ಹುದ್ದೆ ಖಾಲಿಯಾದಾಗ "ಮಕ್ಕಳ ಸಂಖ್ಯೆ ಕಡಿಮೆ" ಎಂಬ ಮಾತಿಗೆ ಎದುರಾಗಿ ತೋರಿಸಲು ನಮ್ಮಲ್ಲಿ ಕಾಗದ ಇರುವುದಿಲ್ಲ. ಎರಡು, ಹಿತಾಸಕ್ತಿಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಚೀಟು ತಂದವರು ನಾಳೆ ಕೋರ್ಟಿಗೆ ಹೋಗಿ, ಅದೇ ಅಧ್ಯಾಪಕರನ್ನು ಕೋರ್ಟು ತಜ್ಞರೆಂದು ಕರೆದರೆ? ಹಣ ಪಡೆದಿಲ್ಲ ಎಂದ ಮಾತ್ರಕ್ಕೆ ಪಕ್ಷಪಾತದ ಸಂಶಯ ಹೋಗುವುದಿಲ್ಲ. ನೆಂಟಸ್ತಿಕೆಯ ಊರುಗಳಲ್ಲಿ ದುಡ್ಡಿಗಿಂತ ದಾಕ್ಷಿಣ್ಯವೇ ಭಾರ.

ಹಾಗಾಗಿ ನನ್ನ ಸಲಹೆ ಸಣ್ಣದು. ಪ್ರತಿ ಭಾಷಾ ವಿಭಾಗ ಒಂದು ಪುಸ್ತಕ ಇಡಲಿ. ಯಾರು ಕೇಳಿದರು, ಯಾವ ಕೆಲಸ, ಎಷ್ಟು ಗಂಟೆ, ಸಂಭಾವನೆ ಬಂತೇ ಇಲ್ಲವೇ, ಕೇಳಿದವರಿಗೂ ಮಾಡಿದವರಿಗೂ ಏನು ಸಂಬಂಧ, ಇಷ್ಟನ್ನು ಬರೆದಿಟ್ಟರೆ ಸಾಕು. 1922ರ ನಿಯಮ ಹಣ ಎಣಿಸಿತು, ಅಮೆರಿಕದ ನಿಯಮ ದಿನ ಎಣಿಸಿತು. ಗಡಿನಾಡಿನಲ್ಲಿ ನಾವು ಎಣಿಸಬೇಕಾದ್ದು ಕೆಲಸವನ್ನೇ. ಹತ್ತು ವರ್ಷದ ಅಂಥ ಪುಸ್ತಕ ಇದ್ದರೆ, ಕನ್ನಡ ವಿಭಾಗ ಯಾಕೆ ಬೇಕು ಎಂದು ಕೇಳಿದವರ ಮುಂದೆ ಅದನ್ನು ಇಡಬಹುದು. ಇಷ್ಟು ಹೇಳಿ ನಿಲ್ಲಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.