ಮದರಾಸಿನಲ್ಲಿ ಕೂಡಿದ ಸಭೆ

ಬೆಂಗಳೂರಿನ ಹಡ್ಸನ್ ಚರ್ಚ್ ಮೆಥಡಿಸ್ಟರು ಕಟ್ಟಿದ್ದು, ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಇಂದು ಎರಡೂ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿವೆ. ಈ ಕೂಡಿಕೆ ನಡೆದದ್ದು ನಾನೀಗ ಇರುವ ಚೆನ್ನೈನಲ್ಲಿ, ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ, 1947ರ ಸೆಪ್ಟೆಂಬರ್ 27ರಂದು.

ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪಂಗಡಗಳು 1908ರಲ್ಲೇ ಒಂದಾಗಿದ್ದವು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳಲ್ಲಿ ಹೆಚ್ಚಿನವರು ಭಾರತೀಯರು. ಹೊರಗಿನಿಂದ ಬಂದ ಒಡಕನ್ನು ನಾವ್ಯಾಕೆ ಹೊರಬೇಕು ಎಂಬುದೇ ಅವರ ತಕರಾರು. ಆದರೂ ಮಾತುಕತೆಗೆ 28 ವರ್ಷ ಹಿಡಿಯಿತು. ಆಂಗ್ಲಿಕನ್ನರಿಗೆ ಬಿಷಪ್ ಬೇಕೇ ಬೇಕು. ಉಳಿದವರಿಗೆ ಆ ಗದ್ದುಗೆಯದೇ ಅಂಜಿಕೆ. ಮುಂದಾಳುಗಳಲ್ಲೊಬ್ಬರಾದ ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ 1945ರಲ್ಲೇ ತೀರಿಕೊಂಡರು. ಒಂದಾದದ್ದನ್ನು ಅವರು ನೋಡಲಿಲ್ಲ.

ಕೊನೆಗೆ ಒಪ್ಪಿದ್ದು ಹೀಗೆ: ಬಿಷಪ್ ಇರಲಿ, ಆದರೆ ಸಭೆಯ ಆಡಳಿತ ಸಿನಾಡಿನದು. ಅಲ್ಲಿ ಬಿಷಪ್ಪರ ಜೊತೆ ಪಾದ್ರಿಗಳೂ ಸಾಮಾನ್ಯ ಸಭಿಕರೂ ಕೂತು ಮತ ಹಾಕುತ್ತಾರೆ. ಬೇರೆ ಪಂಗಡದ ಪಾದ್ರಿಗಳಿಗೆ ಮತ್ತೆ ದೀಕ್ಷೆ ಬೇಡ. ದೀಕ್ಷಾಸ್ನಾನ ಕೂಸಿಗೂ ಆಗಬಹುದು, ಬೆಳೆದು ತನ್ನ ನಂಬಿಕೆಯನ್ನು ತಾನೇ ಹೇಳಿಕೊಂಡವರಿಗೂ ಆಗಬಹುದು. ಬೈಬಲ್ಲು, ಪುರಾತನ ವಿಶ್ವಾಸಪ್ರಮಾಣಗಳು ಮಾತ್ರ ಎಲ್ಲರಿಗೂ ಒಂದೇ.

ಹೆಂಗಸರ ಸರದಿ ತಡವಾಗಿಯೇ ಬಂತು. ಪಾದ್ರಿ ದೀಕ್ಷೆ ಸಿಕ್ಕಿದ್ದು 1976ರಲ್ಲಿ; ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಮೊದಲ ಮಹಿಳಾ ಬಿಷಪ್ ಆದದ್ದು 2013ರಲ್ಲಿ.

ಗದ್ದುಗೆಯ ಜಗಳ ಈಗ ಮುಗಿದಿದೆ ಎಂದಲ್ಲ. 2023ರ ಸಿನಾಡ್ ಚುನಾವಣೆಯ ವ್ಯಾಜ್ಯ ಮದರಾಸು ಹೈಕೋರ್ಟಿನ ಮೆಟ್ಟಿಲೇರಿತು. ಎಲ್ಲರಿಗೂ ಮತ ಕೊಟ್ಟ ಮನೆಯಲ್ಲಿ ಜಗಳ ತಪ್ಪಿದ್ದಲ್ಲ. ಆದರೆ ಹೊರಗಿನಿಂದ ಬಂದ ಗೋಡೆಗಳನ್ನು ಕೆಡವಬಹುದು ಎಂದು ಇಲ್ಲಿನವರು ತೋರಿಸಿದ್ದಂತೂ ಹೌದು.